ಚೈನ್ ಲಿಂಕ್ ಬೇಲಿ: ಕೊಳ್ಳುವ ಮೊದಲು ತಿಳಿದಿರಲಿ



ಸಂಘದಿಂದ ಸಾಲ ತೆಗೆದು ತರಕಾರಿ ಹಾಕ್ತೀವಿ. ಸಸಿ ಮೊಣಕಾಲೆತ್ತರ ಬರುವಷ್ಟರಲ್ಲಿ ಯಾರದೋ ಮೇಕೆಗಳು ನುಗ್ಗಿ ಒಂದೇ ಮಧ್ಯಾಹ್ನ ಬೋಳು ಮಾಡಿಬಿಡುತ್ತವೆ. ಬೆಳೆ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಬೇಲಿ ಬೇಕೇ ಬೇಕು. ಆದರೆ ತಿಳಿಯದೆ ಕೊಂಡರೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗುತ್ತದೆ.

ತಯಾರಾಗುವುದು ಹೇಗೆ?

ಇದಕ್ಕೆ ಬಳಸುವುದು ಸತು ಲೇಪಿಸಿದ ಉಕ್ಕಿನ ತಂತಿ, ಅಂದರೆ ಜಿ.ಐ. ತಂತಿ. ಸತುವಿನ ಲೇಪ ತುಕ್ಕನ್ನು ತಡೆಯುತ್ತದೆ. ಯಂತ್ರದಲ್ಲಿ ಈ ತಂತಿ ಒಂದು ಚಪ್ಪಟೆ ಪಟ್ಟಿಯ ಸುತ್ತ ತಿರುಗಿ, ಅಂಕುಡೊಂಕಾದ ಸುರುಳಿಯಾಗಿ ಹೊರಬರುತ್ತದೆ. ಅದನ್ನು ಹಿಂದಿನ ಸುರುಳಿಯೊಳಗೆ ಸ್ಕ್ರೂ ತಿರುಗಿಸಿದಂತೆ ಪೋಣಿಸುತ್ತಾರೆ. ಹೀಗೆ ಒಂದಕ್ಕೊಂದು ಸೇರಿ ವಜ್ರದಾಕಾರದ ಕಣ್ಣುಗಳು ಆಗುತ್ತವೆ. ಆಮೇಲೆ ತುದಿಗಳನ್ನು ಮಡಚುತ್ತಾರೆ. ಕೈಯಿಂದ ತಿರುಗಿಸುವ ಸಣ್ಣ ಯಂತ್ರಗಳೂ ಇವೆ.

ಇದರಲ್ಲಿ ಬೆಸುಗೆ ಇಲ್ಲ, ಗಂಟೂ ಇಲ್ಲ. ಹಾಗಾಗಿ ಒಂದು ತಂತಿ ತುಂಡಾದರೆ ಅದನ್ನು ತಿರುಗಿಸಿ ತೆಗೆದು ಹೊಸದನ್ನು ಪೋಣಿಸಬಹುದು. ಎರಡು ಸುರುಳಿಗಳನ್ನು ಸೇರಿಸುವುದೂ ಹೀಗೆಯೇ, ಒಂದು ತಂತಿಯಿಂದ.

ಕೊಳ್ಳುವಾಗ ನೋಡಬೇಕಾದ್ದು

ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 10 ಗೇಜ್ ತಂತಿ 3.25 ಮಿ.ಮೀ. ದಪ್ಪ, 12 ಗೇಜ್ 2.64 ಮಿ.ಮೀ. ಮಾತ್ರ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಕಣ್ಣಿನ ಅಳತೆ ಒಂದೇ ಇದ್ದಾಗ, 10 ಗೇಜ್ ಜಾಲರಿ 3 ಕಿಲೋ ತೂಗುವ ಕಡೆ 12 ಗೇಜ್ ಸುಮಾರು 2 ಕಿಲೋ ತೂಗುತ್ತದೆ. ಅಡಿ ಲೆಕ್ಕದಲ್ಲಿ ಕೊಂಡರೂ ತೂಕ ಹಾಕಿಸಿ. ಬಿಲ್ಲಿನಲ್ಲಿ ಗೇಜ್, ಕಣ್ಣಿನ ಅಳತೆ, ಎತ್ತರ ಬರೆಸಿಕೊಳ್ಳಿ. ಈ ಜಾಲರಿಗೆ ಐ.ಎಸ್. 2721 ಎಂಬ ಭಾರತೀಯ ಮಾನಕವಿದೆ. ಅದರ ಪ್ರಕಾರ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಎಷ್ಟು ಬೇಕು?

ಎಕರೆ ಲೆಕ್ಕ ಹೇಳಿ ಕೊಳ್ಳಬೇಡಿ, ಸುತ್ತಳತೆ ಹಿಡಿಯಿರಿ. ಒಂದು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ. ಅದೇ ಎಕರೆ 100 ಅಡಿ ಅಗಲದ ಉದ್ದನೆ ಪಟ್ಟಿಯಾಗಿದ್ದರೆ ಸುಮಾರು 1,071 ಅಡಿ. ಚೌಕ ಜಮೀನಿಗೆ 50 ಅಡಿಯ ಸುರುಳಿ 17 ಬೇಕು. 10 ಅಡಿಗೊಂದರಂತೆ ಕಂಬ ಸುಮಾರು 84 ಬೇಕು.

ಹಾಕುವ ಕ್ರಮ

1. ಮೊದಲು ಗಡಿ ಗುರುತಿಸಿ. ಪಕ್ಕದ ಜಮೀನಿನವರನ್ನು ಕರೆದು ಅವರೆದುರೇ ದಾರ ಎಳೆಯಿರಿ. ನಂತರ ಜಗಳ ಇರುವುದಿಲ್ಲ.

2. 5 ಅಡಿ ಜಾಲರಿಗೆ 7 ಅಡಿ ಕಲ್ಲುಕಂಬ ಅಥವಾ ಸಿಮೆಂಟ್ ಕಂಬ ತೆಗೆದುಕೊಳ್ಳಿ. 2 ಅಡಿ ನೆಲದೊಳಗಿರಲಿ.

3. ಮೂಲೆ ಕಂಬಕ್ಕೆ ಎರಡೂ ಕಡೆ ಆನಿಕೆ ಕಂಬ ಕೊಡಿ. ಎಳೆತವೆಲ್ಲ ಬೀಳುವುದು ಅದರ ಮೇಲೆಯೇ.

4. ಗುಂಡಿಗೆ 1 ಪಾಲು ಸಿಮೆಂಟ್, 2 ಪಾಲು ಮರಳು, 4 ಪಾಲು ಜಲ್ಲಿಯ ಕಾಂಕ್ರೀಟ್ ಹಾಕಿ. 7 ದಿನ ನೀರುಣಿಸಿ.

5. ಮೇಲೆ, ನಡುವೆ, ಕೆಳಗೆ ಮೂರು ಸಾಲು ದಪ್ಪ ತಂತಿ ಬಿಗಿಯಿರಿ.

6. ಜಾಲರಿಯ ತುದಿಯ ಕಣ್ಣುಗಳಲ್ಲಿ ಕಬ್ಬಿಣದ ಸರಳು ತೂರಿಸಿ ಮೂಲೆ ಕಂಬಕ್ಕೆ ಕಟ್ಟಿ. ಆಮೇಲೆ ಎಳೆದು, ಸಾಲು ತಂತಿಗಳಿಗೆ ಕಟ್ಟುತ್ತಾ ಹೋಗಿ. ಕೆಳಗೆ ಸಂದು ಬಿಟ್ಟರೆ ಹಂದಿ ಎತ್ತಿ ನುಗ್ಗುತ್ತದೆ.

ನಾವು ಒಮ್ಮೆ ಅವಸರ ಮಾಡಿ ಮೂರನೇ ದಿನವೇ ಜಾಲರಿ ಎಳೆಸಿದೆವು. ಮೂಲೆ ಕಂಬ ವಾಲಿ, ಒಂದು ಸಾಲು ಪೂರ್ತಿ ಜೋತುಬಿತ್ತು. ಮತ್ತೆ ಕೂಲಿ, ಮತ್ತೆ ಸಿಮೆಂಟ್. ನಾಲ್ಕು ದಿನ ಕಾಯದೆ ಎರಡು ಸಲ ಖರ್ಚು ಮಾಡಿದೆವು. ನಿಮಗೆ ಹಾಗಾಗದಿರಲಿ.

ಗುಂಡಿ ತೋಡುವುದು, ನೀರುಣಿಸುವುದು, ತಂತಿ ಕಟ್ಟುವುದು ನಾವೇ ಮಾಡಬಹುದಾದ ಕೆಲಸ. ಅಷ್ಟು ಕೂಲಿ ಉಳಿಯುತ್ತದೆ. ಮುಂದಿನ ವಾರದ ಸಭೆಗೆ ಮೂರು ಅಂಗಡಿಗಳ ದರ ತನ್ನಿ. ಗೇಜ್, ತೂಕ, ದರ ಮೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಒಪ್ಪಿದ ಮೇಲೆಯೇ ಹಣ ಕೊಡಿ.