ಬೇಟೆಗಾರ ಮೀನಿಗೆ ಮೀಲ್‌ವರ್ಮ್: ಮೊದಲು ಹುಳುವಿಗೆ ಊಟ, ಆಮೇಲೆ ಮೀನಿಗೆ

ಹುಬ್ಬಳ್ಳಿ: ಮನೆಯ ಗಾಜಿನ ತೊಟ್ಟಿಯಲ್ಲಿ ಆಸ್ಕರ್, ಫ್ಲವರ್‌ಹಾರ್ನ್ ಅಥವಾ ಅರೋವಾನಾ ಸಾಕುವವರಿಗೆ ಎದುರಾಗುವ ಮೊದಲ ಪ್ರಶ್ನೆ ಆಹಾರದ್ದು. ಚಿಟಿಕೆ ಪುಡಿ ಉದುರಿಸಿದರೆ ತೃಪ್ತಿಪಡುವ ಗಪ್ಪಿಯಂತಹ ಮೀನುಗಳಲ್ಲ ಇವು. ಅಲುಗಾಡುವ ಜೀವಿ ಕಣ್ಣಿಗೆ ಬಿದ್ದೊಡನೆ ಎರಗುವ ಬೇಟೆಗಾರ ಜಾತಿಗಳು. ಇವುಗಳ ಹಸಿವು ನೀಗಿಸಲು ಮನೆಯಲ್ಲೇ ಬೆಳೆಸಬಹುದಾದ ಜೀವಂತ ಆಹಾರವೆಂದರೆ ಮೀಲ್‌ವರ್ಮ್, ಅಂದರೆ ಹಿಟ್ಟುಹುಳು. ಹಳೇ ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಯ ಮನೆಯಲ್ಲೂ ಎರಡು-ಮೂರು ಪ್ಲಾಸ್ಟಿಕ್ ಡಬ್ಬಿಗಳಿದ್ದರೆ ಇದನ್ನು ಸಾಕಲು ಸಾಧ್ಯ. ಆದರೆ ಹುಳುವಿನ ಹೊಟ್ಟೆಗೆ ಹೋದದ್ದೇ ಮೀನಿನ ಹೊಟ್ಟೆಗೂ ಹೋಗುತ್ತದೆ ಎಂಬುದನ್ನು ಮರೆತರೆ, ಅಕ್ಕರೆಯಿಂದ ಹಾಕಿದ ತುತ್ತೇ ಮೀನಿಗೆ ಮುಳುವಾದೀತು.

ಏನಿದು ಹಿಟ್ಟುಹುಳು?

ಹೆಸರಿನಲ್ಲಿ ಹುಳು ಎಂದಿದ್ದರೂ ಇದು ಎರೆಹುಳುವಿನ ಬಂಧುವಲ್ಲ. 'ಟೆನೆಬ್ರಿಯೊ ಮೋಲಿಟರ್' ಎಂಬ ಕಪ್ಪು ದುಂಬಿಯ ಮರಿ. ಅಡುಗೆಮನೆಯ ರವೆ, ಹಿಟ್ಟಿನಲ್ಲಿ ಕಾಣಿಸಿಕೊಳ್ಳುವ ಕೆಂಪು ಬಣ್ಣದ ಪುಟ್ಟ ಹಿಟ್ಟಿನ ದುಂಬಿ ಬೇರೆ, ಇದು ಬೇರೆ. ಹೊಂಬಣ್ಣದ ಈ ಮರಿಹುಳು ಪೂರ್ತಿ ಬೆಳೆದಾಗ 2.5ರಿಂದ 3 ಸೆಂ.ಮೀ. ಉದ್ದವಿರುತ್ತದೆ.

ತಾಜಾ ಹುಳುವಿನಲ್ಲಿ ಶೇ 60ಕ್ಕೂ ಹೆಚ್ಚು ನೀರು, ಸುಮಾರು ಶೇ 20 ಪ್ರೋಟೀನ್, ಶೇ 13ರ ಆಸುಪಾಸಿನಲ್ಲಿ ಕೊಬ್ಬು ಇರುತ್ತದೆ. ಐರೋಪ್ಯ ಒಕ್ಕೂಟವು 2017ರಲ್ಲಿ ಸಾಕಣೆ ಮೀನುಗಳ ಮೇವಿನಲ್ಲಿ ಬಳಸಲು ಅನುಮತಿಸಿದ 7 ಕೀಟಗಳ ಪೈಕಿ ಇದೂ ಒಂದು. 2021ರಲ್ಲಿ ಒಣಗಿಸಿದ ಹಿಟ್ಟುಹುಳುವನ್ನು ಮನುಷ್ಯರ ಆಹಾರವಾಗಿಯೂ ಅಲ್ಲಿ ಮಾನ್ಯ ಮಾಡಲಾಯಿತು.

ಬೇಟೆಗಾರ ಮೀನಿಗೆ ಕೀಟಾಹಾರ ಹೊಸದೇನಲ್ಲ. ಅಮೆಜಾನ್ ಕಣಿವೆಯ ಬೆಳ್ಳಿ ಅರೋವಾನಾ, ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿರುವ ಕೀಟಗಳನ್ನು ಎಗರಿ ಹಿಡಿಯುವುದಕ್ಕೇ ಹೆಸರಾಗಿದೆ. ಅಲ್ಲದೆ, ಸಣ್ಣ ಗೋಲ್ಡ್‌ಫಿಶ್‌ಗಳನ್ನು ಜೀವಂತವಾಗಿ ತೊಟ್ಟಿಗೆ ಬಿಡುವ ರೂಢಿಗಿಂತ ಇದು ಸುರಕ್ಷಿತ. ಗೋಲ್ಡ್‌ಫಿಶ್‌ನ ದೇಹದಲ್ಲಿ ಬಿ-1 ಜೀವಸತ್ವವನ್ನು ನಾಶಪಡಿಸುವ ಕಿಣ್ವವಿದೆ. ಜತೆಗೆ ಅದು ಹೊತ್ತು ತರುವ ಪರೋಪಜೀವಿಗಳೂ ಬೇಟೆಗಾರನಿಗೆ ಅಂಟುತ್ತವೆ. ಕೊಳಚೆಯ ಕೆಸರಿನಲ್ಲಿ ಬೆಳೆಯುವ ಟ್ಯುಬಿಫೆಕ್ಸ್ ಹುಳುವಿನಿಂದಲೂ ರೋಗಾಣುಗಳ ಭಯ ಇದ್ದದ್ದೇ.

ಸಾಕುವ ಬಗೆ

ಒಂದೂವರೆ ಅಡಿ ಉದ್ದದ, ನುಣುಪಾದ ಗೋಡೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ 4-5 ಸೆಂ.ಮೀ. ಎತ್ತರಕ್ಕೆ ಗೋಧಿ ತೌಡು ಹರಡಬೇಕು. ಅದೇ ಹಾಸಿಗೆ, ಅದೇ ಊಟ. ಮುಚ್ಚಳಕ್ಕೆ ಗಾಳಿಯಾಡುವಂತೆ ತೂತು ಕೊರೆದು ಜಾಲರಿ ಅಂಟಿಸಬೇಕು. ನೀರಿನ ಬಟ್ಟಲು ಇಡಕೂಡದು. ಗಜ್ಜರಿ ಅಥವಾ ಆಲೂಗಡ್ಡೆಯ ಹೋಳು ಸಾಕು. ಅದರ ತೇವವೇ ಹುಳುವಿಗೆ ನೀರು. ಹೋಳನ್ನು ಎರಡು ದಿನಕ್ಕೊಮ್ಮೆ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮೊಟ್ಟೆ ಒಂದೆರಡು ವಾರಗಳಲ್ಲಿ ಒಡೆಯುತ್ತದೆ. ಮರಿಹುಳು ಬೆಳೆಯಲು ಸುಮಾರು 3 ತಿಂಗಳು ಬೇಕು. ಬಳಿಕ ಒಂದರಿಂದ ಮೂರು ವಾರ ಕೋಶಾವಸ್ಥೆ, ಆಮೇಲೆ ದುಂಬಿ. ಎರಡು-ಮೂರು ತಿಂಗಳು ಬದುಕುವ ಹೆಣ್ಣು ದುಂಬಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಹಸಿದ ದುಂಬಿಗಳು ತಮ್ಮದೇ ಮೊಟ್ಟೆ, ಕೋಶಗಳನ್ನು ತಿಂದುಬಿಡುವುದರಿಂದ ದುಂಬಿ, ಕೋಶ, ಮರಿಹುಳುಗಳಿಗೆ ಪ್ರತ್ಯೇಕ ಡಬ್ಬಿ ಇರಬೇಕು. ಎರಡು ವಾರಕ್ಕೊಮ್ಮೆ ದುಂಬಿಗಳನ್ನು ಹೊಸ ತೌಡಿಗೆ ವರ್ಗಾಯಿಸಿ, ಹಳೆಯ ತೌಡನ್ನು ಮೊಟ್ಟೆಗಳ ಸಮೇತ ಹಾಗೇ ಬಿಡಬೇಕು. ಒಂದು ಸುತ್ತು ಪೂರ್ಣಗೊಳ್ಳಲು 4 ತಿಂಗಳಾದರೂ ಬೇಕಾದ್ದರಿಂದ, ತಂದ ಹುಳುಗಳನ್ನೆಲ್ಲ ಮೀನಿಗೆ ಹಾಕಿ ಮುಗಿಸುವ ಆತುರ ಸಲ್ಲದು.

ಹುಬ್ಬಳ್ಳಿಯ ಹವೆ ಬಹುಪಾಲು ತಿಂಗಳು ಈ ಕೀಟಕ್ಕೆ ಒಗ್ಗುತ್ತದೆ. ಕಷ್ಟದ ಕಾಲ ಎರಡು. ಏಪ್ರಿಲ್-ಮೇ ತಿಂಗಳ ಬಿಸಿಲು 36 ಡಿಗ್ರಿ ದಾಟಿದಾಗ ತಗಡಿನ ಮಾಡಿನ ಕೆಳಗಿಟ್ಟ ಡಬ್ಬಿಯ ಹುಳುಗಳು ಗುಂಪುಗುಂಪಾಗಿ ಸಾಯಬಹುದು. ಮನೆಯೊಳಗಿನ ತಂಪಾದ ಮೂಲೆಯೇ ಸೂಕ್ತ. ಮಳೆಗಾಲದಲ್ಲಿ ತೌಡು ತೇವ ಹೀರಿಕೊಂಡು ಬೂಷ್ಟು, ನುಸಿ ಹುಟ್ಟುತ್ತವೆ. ಆಗ ತರಕಾರಿ ಹೋಳು ಕಡಿಮೆ ಮಾಡಬೇಕು. ಇರುವೆಗಳ ಕಾಟಕ್ಕೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಎತ್ತರಿಸಿ ಇಡುವುದೇ ಮದ್ದು.

ತೌಡಿನ ಚೀಲದಲ್ಲೇ ಅಪಾಯ

ಹತ್ತಿ, ಧಾನ್ಯಗಳ ವಹಿವಾಟಿಗೆ ಹೆಸರಾದ ಹುಬ್ಬಳ್ಳಿಯಲ್ಲಿ ತೌಡಿಗೆ ಬರವಿಲ್ಲ. ಎಚ್ಚರ ಬೇಕಿರುವುದೂ ಇಲ್ಲಿಯೇ. ಗೋದಾಮುಗಳಲ್ಲಿ ಧಾನ್ಯ ಕೆಡದಂತೆ ಕೀಟನಾಶಕ ಬಳಸುವುದು ಎಲ್ಲೆಡೆ ಇರುವ ಪದ್ಧತಿ. ಕೀಟವನ್ನು ಕೊಲ್ಲಲೆಂದೇ ಇರುವ ಔಷಧದ ಅಂಶ ತೌಡಿನಲ್ಲಿ ಉಳಿದಿದ್ದರೆ ಹುಳು ಸಾಯುತ್ತದೆ. ಸಾಯದೆ ಉಳಿದ ಹುಳು ವಿಷವನ್ನು ಮೀನಿಗೆ ದಾಟಿಸಬಹುದು. ಆದ್ದರಿಂದ ಹೊಸ ತೌಡು ತಂದಾಗ ಹತ್ತು ಹುಳುಗಳನ್ನು ಮಾತ್ರ ಅದರಲ್ಲಿ ಬಿಟ್ಟು ಒಂದು ವಾರ ಕಾಯುವುದು ಜಾಣತನ. ಎಲ್ಲವೂ ಚುರುಕಾಗಿದ್ದರೆ ಬಳಸಬಹುದು. ಬಳಸುವ ಮುನ್ನ ತೌಡನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿದರೆ ನುಸಿ, ಇತರ ಕೀಟಗಳ ಮೊಟ್ಟೆ ನಾಶವಾಗುತ್ತವೆ. ತರಕಾರಿಯನ್ನು ತೊಳೆದು, ಸಿಪ್ಪೆ ತೆಗೆದೇ ಹಾಕಬೇಕು.

ಬರಿ ತೌಡು ತಿಂದ ಹುಳುವಿನಲ್ಲಿ 'ಎ' ಜೀವಸತ್ವ ಅತಿ ಕಡಿಮೆ. ಮೀನಿಗೆ ಅಗತ್ಯವಾದ ಒಮೆಗಾ-3 ಕೊಬ್ಬಿನಾಂಶವೂ ಅತ್ಯಲ್ಪ. ಕ್ಯಾಲ್ಸಿಯಂ ಕೂಡ ಕಡಿಮೆಯೇ. ಆದರೆ ಮೀನು ಅದನ್ನು ಕಿವಿರುಗಳ ಮೂಲಕ ನೀರಿನಿಂದಲೇ ಹೀರಿಕೊಳ್ಳಬಲ್ಲದು. ಉಳಿದ ಕೊರತೆ ತಗ್ಗಿಸಲು, ಮೀನಿಗೆ ಹಾಕುವ ಒಂದೆರಡು ದಿನ ಮೊದಲು ಹುಳುಗಳನ್ನು ಬೇರ್ಪಡಿಸಿ ಗಜ್ಜರಿ, ಪಾಲಕ್ ಸೊಪ್ಪು ಹಾಗೂ ಪುಡಿ ಮಾಡಿದ ಉತ್ತಮ ಮೀನಿನ ಆಹಾರ ತಿನ್ನಿಸಬೇಕು. ಹುಳುವಿನ ಹೊಟ್ಟೆ ತುಂಬಿಸುವ ಈ ಕ್ರಮವೇ ಇಡೀ ಸಾಕಣೆಯ ಜೀವಾಳ.

ಎಷ್ಟು ಹಾಕಬೇಕು?

ಅಂಗೈಯಗಲದ ಆಸ್ಕರ್ ಮೀನಿಗೆ ವಾರಕ್ಕೆ ಎರಡು-ಮೂರು ಸಲ, ಸಲಕ್ಕೆ ನಾಲ್ಕೈದು ಹುಳು ಸಾಕು. ಉಳಿದ ದಿನಗಳಲ್ಲಿ ಕಾಳಿನ ರೂಪದ ಸಿದ್ಧ ಆಹಾರ, ಸೀಗಡಿ ತುಣುಕು ಕೊಡಬಹುದು. ದಿನವೂ ಹುಳುವನ್ನೇ ಹಾಕಿದರೆ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗುತ್ತದೆ, ಮೀನು ಬೇರೆ ಆಹಾರ ಮುಟ್ಟದಂತಾಗುತ್ತದೆ. ಮರಿ ಮೀನುಗಳಿಗೆ ಆಗಷ್ಟೇ ಪೊರೆ ಕಳಚಿದ ಬಿಳಿ ಹುಳು ಉತ್ತಮ. ಅದರ ಹೊರಕವಚ ಮೃದುವಾಗಿರುತ್ತದೆ. ನುಂಗಿದ ಹುಳು ಮೀನಿನ ಹೊಟ್ಟೆ ಕೊರೆದು ಹೊರಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆಸ್ಕರ್‌ನಂತಹ ಮೀನುಗಳ ಗಂಟಲಿನಲ್ಲಿ ಜಗಿಯುವ ಇನ್ನೊಂದು ಜೋಡಿ ದವಡೆಯೇ ಇದೆ.

ಹುಳು ನೀರಿನಲ್ಲಿ ಹೆಚ್ಚು ಹೊತ್ತು ಬದುಕದು. ತಿನ್ನದೆ ಉಳಿದದ್ದು ಸತ್ತು ಕೊಳೆತು ಅಮೋನಿಯಾ ಉತ್ಪತ್ತಿಯಾಗುತ್ತದೆ. ಅದು ಮೀನಿನ ಕಿವಿರುಗಳನ್ನು ಸುಡುತ್ತದೆ. ಪರಿಹಾರ, ತೊಟ್ಟಿಯ ಒಂದಷ್ಟು ನೀರು ಬದಲಿಸುವುದು. ಆದರೆ ಅವಳಿ ನಗರದಲ್ಲಿ ಅದು ಹೇಳಿದಷ್ಟು ಸುಲಭವಲ್ಲ. 2008ರಲ್ಲಿ ಆಯ್ದ ಕೆಲವು ವಾರ್ಡುಗಳಲ್ಲಿ ನಿರಂತರ ನೀರು ಪೂರೈಕೆ ಆರಂಭವಾದರೂ, ನಲ್ಲಿ ನೀರಿಗಾಗಿ ದಿನಗಟ್ಟಲೆ ಕಾಯುವುದು ಹುಬ್ಬಳ್ಳಿಯ ಬಹಳಷ್ಟು ಮನೆಗಳಿಗೆ ಹಳೆಯ ಅನುಭವ. ಕುಡಿಯಲು ಹಿಡಿದಿಟ್ಟ ನೀರನ್ನು ಮೀನಿನ ತೊಟ್ಟಿಗೆ ಸುರಿಯುವ ಪ್ರಮೇಯ ಬರಬಾರದೆಂದರೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಿ, ಉಳಿದದ್ದನ್ನು ಕೂಡಲೇ ಜಾಲರಿಯಿಂದ ತೆಗೆಯಬೇಕು. ನಲ್ಲಿ ನೀರು ಬಳಸುವಾಗ ಕ್ಲೋರಿನ್ ನಿವಾರಿಸುವುದನ್ನೂ ಮರೆಯುವಂತಿಲ್ಲ.

ಸಾಕುವವರ ಆರೋಗ್ಯವೂ ಮುಖ್ಯ. ಹುಳುವಿನ ಹಿಕ್ಕೆ ಮತ್ತು ಪೊರೆಯ ಧೂಳು ಉಬ್ಬಸ ಇರುವವರಿಗೆ ತೊಂದರೆ ಕೊಡಬಲ್ಲದು. ಸೀಗಡಿ ಒಗ್ಗದವರಿಗೆ ಇದೂ ಒಗ್ಗದಿರಬಹುದು. ಡಬ್ಬಿ ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು, ಬಳಿಕ ಕೈ ತೊಳೆಯುವುದು ಅವಶ್ಯ.

ಕೆರೆಗೆ ಬಿಡಬೇಡಿ

ಅಂಗಡಿಯಲ್ಲಿ ಬೆರಳುದ್ದ ಕಂಡ ಆಸ್ಕರ್ ಒಂದು ಅಡಿಗೂ ಹೆಚ್ಚು ಬೆಳೆಯುತ್ತದೆ. ಬೆಳ್ಳಿ ಅರೋವಾನಾ ಮೂರು ಅಡಿ ಮುಟ್ಟಬಲ್ಲದು. ತೊಟ್ಟಿ ಸಾಲದಾದಾಗ ಮೀನನ್ನು ಉಣಕಲ್ ಕೆರೆಗೋ ಇನ್ನಾವುದೋ ಹೊಂಡಕ್ಕೋ ಬಿಟ್ಟು ಕೈತೊಳೆದುಕೊಳ್ಳುವುದು ಪುಣ್ಯದ ಕೆಲಸವಲ್ಲ. ಪರದೇಶದ ಬೇಟೆಗಾರ ಮೀನು ಇಲ್ಲಿನ ಮೀನುಗಳ ಮರಿಗಳನ್ನೇ ನುಂಗುತ್ತದೆ. ಸಾಕಲಾಗದಿದ್ದರೆ ಅಂಗಡಿಗೆ ಮರಳಿಸುವುದು ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಒಪ್ಪಿಸುವುದೇ ಸರಿಯಾದ ದಾರಿ.

ಗಾಜಿನ ಬಳಿ ಯಾರೇ ನಿಂತರೂ ಆಸ್ಕರ್ ಬಾಯಿ ತೆರೆದು ಓಡಿ ಬರುತ್ತದೆ. ಅದು ಹಸಿವಲ್ಲ, ಅಭ್ಯಾಸ. ಅದನ್ನು ಕಂಡು ಕರಗಿ ಮತ್ತೊಂದು ಹಿಡಿ ಹುಳು ಹಾಕದಿರುವ ಸಂಯಮವೇ ಮೀನಿನ ಆಯುಷ್ಯವನ್ನು ವರ್ಷಗಟ್ಟಲೆ ಹೆಚ್ಚಿಸಬಲ್ಲದು.