ಚೆನ್ನೈನಲ್ಲಿ ಕೂತು ಕನ್ನಡ ವಿಕಿಪೀಡಿಯಕ್ಕೆ ಬರೆಯಬಹುದೇ? ವಿದ್ಯಾರ್ಥಿಗಳು ತಿಳಿಯಬೇಕಾದ್ದೇನು?

ಚೆನ್ನೈ: ಗೂಗಲ್‌ನಲ್ಲಿ ಏನೇ ಹುಡುಕಿದರೂ ವಿಕಿಪೀಡಿಯ ಎದುರಾಗುತ್ತದೆ. ಆದರೆ ಅದನ್ನು ಬರೆಯುವವರು ಯಾರು? ಸಂಬಳವಿಲ್ಲ, ಲೇಖನದ ಮೇಲೆ ಹೆಸರೂ ಇರುವುದಿಲ್ಲ. ಬಿಡುವಿನ ವೇಳೆಯಲ್ಲಿ ಬರೆಯುವ ಈ ಸ್ವಯಂಸೇವಕರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ.

ತಮಿಳುನಾಡಿನಲ್ಲಿ ಇದಕ್ಕೆ ಸರ್ಕಾರವೇ ಕೈಜೋಡಿಸಿದ್ದುಂಟು. 2010ರಲ್ಲಿ ಕೊಯಮತ್ತೂರಿನ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನದ ಸಂದರ್ಭದಲ್ಲಿ, ತಮಿಳು ವಿಕಿಪೀಡಿಯಕ್ಕೆ ಲೇಖನ ಬರೆಯುವ ಸ್ಪರ್ಧೆಯನ್ನು ಕಾಲೇಜು ವಿದ್ಯಾರ್ಥಿಗಳಿಗೆ ಏರ್ಪಡಿಸಲಾಗಿತ್ತು. ಕನ್ನಡ ಮತ್ತು ತಮಿಳು ವಿಕಿಪೀಡಿಯ ಎರಡೂ ಶುರುವಾದದ್ದು 2003ರಲ್ಲಿ. ಇಂದು ತಮಿಳಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡ ಇನ್ನೂ 30 ಸಾವಿರದ ಆಸುಪಾಸಿನಲ್ಲಿದೆ.

ಸೇರಿದ ದಿನವೇ ದೊಡ್ಡ ಲೇಖನ ಬರೆಯಬೇಕೆಂದೇನಿಲ್ಲ. ಖಾತೆ ತೆರೆದರೆ ಅಭ್ಯಾಸಕ್ಕೆಂದೇ ಒಂದು ಪ್ರಯೋಗಪುಟ ಸಿಗುತ್ತದೆ. ಬೇರೆ ಲೇಖನಗಳ ಕಾಗುಣಿತ ತಿದ್ದುವುದರಿಂದಲೂ ಶುರು ಮಾಡಬಹುದು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಆಯಾ ಪುಟದ ಇತಿಹಾಸದಲ್ಲಿ ದಾಖಲಾಗುತ್ತದೆ. ಬದಲಾವಣೆ ಒಪ್ಪಿಗೆಯಾಗದವರು ಅದನ್ನು ರದ್ದು ಮಾಡಬಹುದು, ಕಾರಣವನ್ನು ಚರ್ಚೆ ಪುಟದಲ್ಲಿ ಕೇಳಬಹುದು. ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಕನ್ನಡ ವಿಕಿಪೀಡಿಯದಲ್ಲಿ ಇಟ್ಟ ಹೆಸರು 'ಅರಳಿ ಕಟ್ಟೆ'!

ವಿದ್ಯಾರ್ಥಿಗಳು ಎಡವುವುದು ನಕಲಿನಲ್ಲಿ. 2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಪುಣೆಯ ಕೆಲವು ಕಾಲೇಜುಗಳಲ್ಲಿ ಒಂದು ಪ್ರಾಯೋಗಿಕ ಯೋಜನೆ ನಡೆಸಿತು. ತರಗತಿಯ ಕೆಲಸವಾಗಿ ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಬೇಕಿತ್ತು. ಹಲವರು ಬೇರೆಡೆಯ ಬರಹವನ್ನು ಹಾಗೆಯೇ ತಂದು ಹಾಕಿದರು. ಅದನ್ನು ಹುಡುಕಿ ಅಳಿಸುವ ಹೊರೆ ಹಳೆಯ ಸ್ವಯಂಸೇವಕರ ಮೇಲೆ ಬಿತ್ತು. ಕೊನೆಗೆ ಯೋಜನೆಯೇ ನಿಂತುಹೋಯಿತು. ಅಸೈನ್‌ಮೆಂಟ್ ಎಂದರೆ ಕಾಪಿ ಹೊಡೆಯುವುದು ಎಂಬ ನಮ್ಮ ಹಳೆಯ ಅಭ್ಯಾಸ ಅಲ್ಲಿ ನಡೆಯಲಿಲ್ಲ. ಮುಂದೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲೇ ಬರೆಯುವ ಕಾರ್ಯಕ್ರಮ ನಡೆಯಿತು.

ಸ್ವಂತ ವಾಕ್ಯದಲ್ಲಿ ಬರೆದರಷ್ಟೇ ಸಾಲದು. 'ನಮ್ಮ ಅಜ್ಜಿ ಹೇಳಿದ್ದು' ಎಂದರೆ ಒಪ್ಪುವುದಿಲ್ಲ, ಎಲ್ಲಿ ಪ್ರಕಟವಾಗಿದೆ ಎಂದು ತೋರಿಸಬೇಕು. ಕನ್ನಡಕ್ಕೆ ತೊಡಕಾಗುವುದು ಇಲ್ಲೇ. ಕನ್ನಡದ ಎಷ್ಟೋ ಮಾಹಿತಿ ಇಂದಿಗೂ ಅಂತರ್ಜಾಲಕ್ಕೆ ಬಂದಿಲ್ಲ, ಹಳೆಯ ಪುಸ್ತಕಗಳಲ್ಲೇ ಉಳಿದಿದೆ.

ಚೆನ್ನೈನಲ್ಲಿ ಓದುವ ಕನ್ನಡದ ವಿದ್ಯಾರ್ಥಿಗೆ ಅನುಕೂಲವಿರುವುದೂ ಇಲ್ಲೇ. ಎಗ್ಮೋರ್‌ನ ಕನ್ನೆಮರ ಸಾರ್ವಜನಿಕ ಗ್ರಂಥಾಲಯ 1896ರಷ್ಟು ಹಳೆಯದು. ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಒಂದೊಂದು ಪ್ರತಿಯನ್ನು ಪ್ರಕಾಶಕರು ಕಾನೂನಿನ ಪ್ರಕಾರ ಕಳುಹಿಸಬೇಕಾದ ಗ್ರಂಥಾಲಯಗಳಲ್ಲಿ ಇದೂ ಒಂದು. ಕನ್ನಡ ಪುಸ್ತಕಗಳಿಗೂ ಈ ನಿಯಮ ಅನ್ವಯಿಸುತ್ತದೆ. ಅದೂ ಅಲ್ಲದೆ, ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲೇ ಇದ್ದವು. ಫರ್ಡಿನಾಂಡ್ ಕಿಟೆಲ್ ಅವರ 1894ರ ಕನ್ನಡ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ ಪ್ರಕಟಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಅವರು ಎ. ಶಂಕರ ಕೆದಿಲಾಯರ ಜತೆ ಸೇರಿ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟು 1967ರಲ್ಲಿ ಹೊರಬಂದದ್ದೂ ಅಲ್ಲಿಂದಲೇ.

ಇಂಥ ಪುಸ್ತಕವೊಂದನ್ನು ತೆಗೆದು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟಸಂಖ್ಯೆ ಗುರುತು ಹಾಕಿಕೊಂಡು, ವಿಷಯವನ್ನು ಸ್ವಂತ ಮಾತಿನಲ್ಲಿ ನಾಲ್ಕು ಸಾಲು ಬರೆದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ಇಂಗ್ಲಿಷ್ ಲೇಖನವನ್ನು ಯಂತ್ರಾನುವಾದಕ್ಕೆ ಕೊಟ್ಟು, ಬಂದದ್ದನ್ನು ಓದಿಯೂ ನೋಡದೆ ಅಂಟಿಸಿದರೆ ಇನ್ನೊಬ್ಬ ಸ್ವಯಂಸೇವಕನ ಭಾನುವಾರ ಅದನ್ನು ತಿದ್ದುವುದರಲ್ಲೇ ಹೋಗುತ್ತದೆ. ತಮ್ಮ ಬಗ್ಗೆಯೋ ತಮ್ಮ ಕಾಲೇಜಿನ ಬಗ್ಗೆಯೋ ಬರೆಯುವ ಆಸೆಯನ್ನು ಹೊಸಬರು ಸದ್ಯಕ್ಕೆ ಬಿಡುವುದು ಒಳ್ಳೆಯದು. ಹೊಗಳಿಕೆಯಂತೆ ಕಂಡರೆ ಅದನ್ನೂ ಅಳಿಸಿಹಾಕುತ್ತಾರೆ.