‘ದಡ್ಡ’ ಎಂದು ಕರೆಯುವ ಮುನ್ನ...

ಪಾಠ ಕೇಳಿ ಥಟ್ಟನೆ ಬಾಯಲ್ಲಿ ಉತ್ತರ ಹೇಳುವ ಹುಡುಗ, ಅದನ್ನೇ ಬರೆ ಎಂದರೆ ತಡವರಿಸುವುದೇಕೆ? ‘ಅಮ್ಮ’ ಬರೆದರೆ ಒತ್ತಕ್ಷರ ಮಾಯ. ‘ಸೂರ್ಯ’ ಬರೆದರೆ ಅರ್ಕಾವತ್ತು ಮಾಯ. 36 ಎಂದರೆ 63! ಇಂತಹ ಮಗುವಿಗೆ ಶಾಲೆಯಲ್ಲಿ ‘ದಡ್ಡ’, ಮನೆಯಲ್ಲಿ ‘ಸೋಮಾರಿ’ ಎಂಬ ಬಿರುದು ಸಿಗುತ್ತದೆ. ಎರಡೂ ತಪ್ಪಿರಬಹುದು.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಬಾಲಕನೊಬ್ಬನ ಬಗ್ಗೆ ಬರೆದರು. ಆತ ಚುರುಕು, ಲೆಕ್ಕವೂ ಬರುತ್ತಿತ್ತು. ಆದರೆ ಓದು ಹತ್ತುತ್ತಿರಲಿಲ್ಲ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆದದ್ದೂ ಉಂಟು. ಇದನ್ನು ಇಂದು ‘ಡಿಸ್‌ಲೆಕ್ಸಿಯಾ’ ಎನ್ನುತ್ತಾರೆ. ಬರವಣಿಗೆಯಲ್ಲಿ ತೊಡಕಾದರೆ ‘ಡಿಸ್‌ಗ್ರಾಫಿಯಾ’, ಲೆಕ್ಕದಲ್ಲಾದರೆ ‘ಡಿಸ್‌ಕ್ಯಾಲ್ಕುಲಿಯಾ’. ಇವೆಲ್ಲ ಕಲಿಕಾ ನ್ಯೂನತೆಗಳು. ಅಕ್ಷರ, ಧ್ವನಿ, ಅಂಕಿಗಳನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯಲ್ಲಿ ವ್ಯತ್ಯಾಸವಿರುತ್ತದೆಯೇ ಹೊರತು ಬುದ್ಧಿಗೆ ಕೊರತೆಯಿಲ್ಲ.

ಹಾಗೆಂದು ಹಿಂದುಳಿದ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಬಾರದು. ವಿಜ್ಞಾನದಲ್ಲಿ ಒಂದೊಂದೇ ಕಾರಣವನ್ನು ಪರೀಕ್ಷಿಸಿ ಬದಿಗಿಡುತ್ತೇವಲ್ಲವೆ? ಇಲ್ಲಿಯೂ ಅದೇ ಕ್ರಮ. ಕಪ್ಪುಹಲಗೆ ಕಾಣುತ್ತದೆಯೇ? ಕಿವಿ ಸರಿಯಾಗಿ ಕೇಳುತ್ತದೆಯೇ? ಗಾದಿಗನೂರು, ಸಂಡೂರು, ಕಂಪ್ಲಿಯ ನಮ್ಮ ಸೀಮೆಯಲ್ಲಿ ಮನೆಮಾತು ತೆಲುಗು, ಉರ್ದು, ಲಂಬಾಣಿಯಾದ ಮಕ್ಕಳಿದ್ದಾರೆ. ತಂದೆತಾಯಿಯೊಂದಿಗೆ ಗುಳೆ ಹೋಗಿ ಪಾಠ ತಪ್ಪಿಸಿಕೊಂಡವರಿದ್ದಾರೆ. ಅವರಿಗೆ ಬೇಕಾದುದು ತಾಳ್ಮೆಯ ಪಾಠ, ವೈದ್ಯರ ಚೀಟಿಯಲ್ಲ. ಒಂದನೇ ತರಗತಿಯಲ್ಲಿ ಅಕ್ಷರ ತಿರುಗಿಸಿ ಬರೆಯುವುದೂ ಸಹಜ. ಆರು ತಿಂಗಳು ವಿಶೇಷ ಗಮನ ಕೊಟ್ಟು ಕಲಿಸಿದರೂ ತೊಡಕು ಬಿಡದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಆ ಹೆಜ್ಜೆಗೆ ದಾರಿ ಇದೆ. ಮುಖ್ಯೋಪಾಧ್ಯಾಯರ ಮೂಲಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಕಾಣಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ವಿಷಯ ತಿಳಿಸಬಹುದು. ಪೂರ್ಣ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿವೆ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೆಸರಿಸಿತ್ತು. ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2016ರ ಕಾಯ್ದೆಯ 21ರ ಪಟ್ಟಿಯಲ್ಲಿ ಅದು ಸೇರಿತು. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕರಂತಹ ಸೌಲಭ್ಯ ಕೇಳಬಹುದು. ಆದರೆ ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಫಲವಿಲ್ಲ. ಮೂರು, ನಾಲ್ಕನೇ ತರಗತಿಯಲ್ಲೇ ಗುರುತಿಸುವುದು ಲೇಸು.

ಅಲ್ಲಿಯವರೆಗೆ ಶಾಲೆ ಕೈಕಟ್ಟಿ ಕೂರಬೇಕಿಲ್ಲ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು, ಪದವನ್ನು ಧ್ವನಿಧ್ವನಿಯಾಗಿ ಬಿಡಿಸಿ ಹೇಳಿಸುವುದು, ಪ್ರಶ್ನೆಯನ್ನು ಓದಿ ಹೇಳಿ ಬಾಯಲ್ಲೇ ಉತ್ತರ ಕೇಳುವುದು, ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದು ಎನ್ನದಿರುವುದು: ಇವಕ್ಕೆ ಕಾಸು ಖರ್ಚಿಲ್ಲ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಜೊತೆಗೆ ಕುಳಿತು ಓದಿದರೆ ಸಾಕು. ಅಕ್ಕನ ಅಂಕಕ್ಕೆ ತಮ್ಮನನ್ನು ಹೋಲಿಸದಿರಿ.

ವಿದ್ಯಾರ್ಥಿಗಳೇ, ನಿಮ್ಮ ಬೆಂಚಿನ ಗೆಳೆಯ ತಪ್ಪು ಓದಿದಾಗ ನಗಬೇಡಿ. ಆ ನಗುವಿಗೆ ಅಂಜಿ ಶಾಲೆ ಬಿಟ್ಟು ಕೂಲಿಗೆ ಹೋಗುವ ಮಗುವಿನೊಂದಿಗೆ ಅದರ ಜಾಣತನವೂ ಶಾಲೆಯಿಂದ ಹೊರಗೆ ಹೋಗುತ್ತದೆ. ಪಾಲಕರೇ, ನಾಳೆ ಶಾಲೆಗೆ ಬಂದಾಗ ‘ಎಷ್ಟು ಅಂಕ?’ ಎನ್ನುವ ಮೊದಲು ‘ಎಲ್ಲಿ ತೊಡಕು?’ ಎಂದು ಕೇಳಿ.